ಮಿಕ್ಕಿದ್ದು ಹಾಕಿ ಸಾರ್!

ನಿಧಾನದ ಸಿನಿಮಾ ತೋರಿಸಲು ಹೊರಟವರಿಗೆ ಎಡವಟ್ಟುಗಳು ಮಾತ್ರ ಓಡೋಡಿ ಬರುತ್ತವೆ. ಇದು ನನ್ನ ಆರು ವರ್ಷದ ಅನುಭವ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಹಾಜರು.

ನಾನು ಕೋಲಾರದಲ್ಲಿ ಮದುವೆ ವಿಡಿಯೋ ಮಾಡುವವನು. ವರಪೂಜೆ, ಧಾರೆ, ಊಟದ ಪಂಕ್ತಿ, ಬೀಗರ ಮುನಿಸು, ಎಲ್ಲವನ್ನೂ ಒಂದೂವರೆ ಗಂಟೆಗೆ ಇಳಿಸಿ ಕೊಡುವುದು ನನ್ನ ಕಸುಬು. ಅಂಥವನು, ನಾಯಕ ಒಂದು ಲೋಟ ಕಾಫಿ ಕುಡಿಯಲು ಏಳು ನಿಮಿಷ ತೆಗೆದುಕೊಳ್ಳುವ ಸಿನಿಮಾಗಳ ಸಹವಾಸಕ್ಕೆ ಬಿದ್ದದ್ದು ಒಂದೇ ಕಾರಣಕ್ಕೆ. ನನ್ನ ಹತ್ತಿರ ಪ್ರೊಜೆಕ್ಟರ್ ಇತ್ತು.

ನಮ್ಮ ತಂಡದಲ್ಲಿ ಮೂರೇ ಜನ. ಪ್ರೊಜೆಕ್ಟರ್, ಪರದೆ, ವ್ಯಾನು ನನ್ನದು. ಲ್ಯಾಪ್‌ಟಾಪು, ವೈರು, ಸ್ಪೀಕರು ನೋಡಿಕೊಳ್ಳುವವನು ನನ್ನ ಸ್ಕೂಲ್ ಗೆಳೆಯ. ರೇಷ್ಮೆ ಇಲಾಖೆಯವನು, ಹಳ್ಳಿ ಹಳ್ಳಿ ತಿರುಗಿ ಹುಳ ಸಾಕುವವರಿಗೆ ಸಲಹೆ ಹೇಳುತ್ತಾನೆ. ಸಿನಿಮಾ ಆರಿಸುವವರು, ಮುಗಿದ ಮೇಲೆ ಜನರೊಂದಿಗೆ ಚರ್ಚೆ ನಡೆಸುವವರು ಒಬ್ಬರು ಕಾಲೇಜು ಲೈಬ್ರರಿಯನ್ ಮೇಡಂ. ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಕರೆದರೆ ಅಲ್ಲಿಗೆ ಹೋಗಿ ಸಿನಿಮಾ ಹಾಕುತ್ತಿದ್ದೆವು. ಮೇಡಂ ಆರಿಸುತ್ತಿದ್ದ ಸಿನಿಮಾಗಳಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇರುತ್ತಿದ್ದರು. ಇಬ್ಬರಿಗೂ ಮನಸ್ಸಿರುತ್ತಿತ್ತು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಏನಾಯಿತು ಅನ್ನುವುದು ನೋಡಿದವರಿಗೂ ಗೊತ್ತಾಗುತ್ತಿರಲಿಲ್ಲ. ದೀಪ ಹಾಕಿದ ತಕ್ಷಣ ಯಾರಾದರೂ ಒಬ್ಬರು ಕೂಗುತ್ತಿದ್ದರು, "ಮಿಕ್ಕಿದ್ದು ಹಾಕಿ ಸಾರ್!"

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಗೆಳೆಯನಿಗೆ ನಲವತ್ತಮೂರು, ಮದುವೆಯಾಗಿಲ್ಲ. ಮೇಡಂಗೆ ಮೂವತ್ತೊಂಬತ್ತು, ಅವರಿಗೂ ಆಗಿಲ್ಲ. ಗೆಳೆಯನಿಗೆ ಆಕೆಯೆಂದರೆ ಪ್ರಾಣ. ಆಕೆಗೂ ಮನಸ್ಸಿದೆ ಅನ್ನುವುದು ವ್ಯಾನಿನ ಕನ್ನಡಿಯಲ್ಲಿ ನನಗೇ ಕಾಣುತ್ತಿತ್ತು. ಆರು ವರ್ಷ ಒಂದೇ ವ್ಯಾನಿನಲ್ಲಿ ಓಡಾಡಿದರೂ ಅವನು "ಮೇಡಂ", ಇವರು "ಸಾರ್". ಅದರಿಂದಾಚೆಗೆ ಒಂದು ಹೆಜ್ಜೆ ಇಲ್ಲ. ಇಷ್ಟು ನಿಧಾನದ ಸಿನಿಮಾವನ್ನು ನಾನು ಪರದೆಯ ಮೇಲೂ ನೋಡಿಲ್ಲ.

ಮಾಲೂರಿನ ಹನ್ನೊಂದು ನಿಮಿಷ

ಮಾಲೂರಿನಲ್ಲಿ ಒಂದು ಸಮುದಾಯ ಭವನ. ರೈಲ್ವೆ ಗೇಟು ಕಾಯುವವನು, ದಿನಾ ಆ ಗೇಟಿನ ಹತ್ತಿರ ನಿಲ್ಲುವ ಹೂವಿನವಳು, ಇವರಿಬ್ಬರ ಕಥೆ ಆವತ್ತಿನ ಸಿನಿಮಾ. ಶುರುವಾಗಿ ಹತ್ತು ನಿಮಿಷಕ್ಕೆ ಮುಂದಿನ ಸಾಲಿನ ಎಲೆಕ್ಟ್ರಿಷಿಯನ್ ಒಬ್ಬ ಎದ್ದು ಬಂದ.

"ಸಾರ್, ಪಿಚ್ಚರ್ ನಿಂತೋಗಿದೆ."

"ಇಲ್ಲಪ್ಪ, ಅದು ಇರೋದೇ ಹಂಗೆ."

"ನಿಂತಿದೆ ಸಾರ್. ಆಯಪ್ಪ ರೆಪ್ಪೇನೂ ಹೊಡೀತಿಲ್ಲ."

"ಹಿಂದೆ ಬಾವುಟ ಅಲ್ಲಾಡ್ತಿದೆ ನೋಡು."

ಬಾವುಟ ನೋಡಿ ಸಮಾಧಾನ ಮಾಡಿಕೊಂಡು ಹೋಗಿ ಕೂತ. ಅಲ್ಲಿಂದಾಚೆಗೆ ಸಭೆಯಲ್ಲಿ ಯಾರೂ ಎದ್ದು ಬರಲಿಲ್ಲ. ಹೂವಿನವಳು ಹಳಿಯ ಆಚೆ ನಿಂತು ಈಚೆ ನೋಡುವ ದೃಶ್ಯ ಬಂತು. ಅದು ಉದ್ದವಾಗಿತ್ತು. ಬಹಳ ಉದ್ದವಾಗಿತ್ತು. ನನಗೆ ಸಣ್ಣ ನಿದ್ದೆಯೇ ಬಂತು.

ಚರ್ಚೆಯ ಹೊತ್ತಿಗೆ ಊರಿನ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು ಗದ್ಗದಿತರಾದರು. "ಆ ಹಳಿಯ ದೃಶ್ಯ ಇದೆಯಲ್ಲ, ಕಾಲವೇ ನಿಂತುಹೋದ ಹಾಗಿತ್ತು. ಇಂಥ ಧೈರ್ಯ ಯಾವ ನಿರ್ದೇಶಕನಿಗಿದೆ?" ಅಂದರು. ಜನ ಚಪ್ಪಾಳೆ ತಟ್ಟಿದರು. ಮೇಡಂ ಕಣ್ಣು ಒರೆಸಿಕೊಂಡರು.

ಸಾಮಾನು ಕಟ್ಟುವಾಗ ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದ. "ಲೇ, ಯಾರ್ಗೂ ಹೇಳ್ಬೇಡ ಕಣೋ. ಆ ಸೀನಲ್ಲಿ ಲ್ಯಾಪ್‌ಟಾಪ್ ಹ್ಯಾಂಗ್ ಆಗಿತ್ತು. ಹನ್ನೊಂದು ನಿಮಿಷ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ಮೇಡಂ ಅಷ್ಟು ಇಷ್ಟಪಟ್ಟು ನೋಡ್ತಿದ್ರು. ನಡುವೆ ಹೆಂಗೆ ನಿಲ್ಸೋದು?"

"ನಿಂತಿರೋದನ್ನ ನಿಲ್ಸೋದೇನು ಬಂತೋ!" ಅಂದೆ. ಅವನಿಗೆ ನನ್ನ ಮಾತು ಕೇಳಿಸಲಿಲ್ಲ. ಮೇಡಂ ಕುರ್ಚಿಯ ಮೇಲೆ ಮರೆತು ಹೋಗಿದ್ದ ಕೊಡೆಯನ್ನು ಮಡಿಸುತ್ತಿದ್ದ. ಅದಕ್ಕೂ ಹನ್ನೊಂದು ನಿಮಿಷ ಹಿಡಿಯಿತು.

ಹುತ್ತೂರಿನ ಜ್ವರ

ಹುತ್ತೂರಿನ ಕಡೆ ಗೆಳೆಯನಿಗೆ ಬಹಳ ಮರ್ಯಾದೆ. ಅವನ ಮಾತು ಕೇಳಿ ಹುಳ ಸಾಕಿ ಒಳ್ಳೆ ಗೂಡು ಬೆಳೆದವರು ಅಲ್ಲಿ ಬೇಕಾದಷ್ಟಿದ್ದಾರೆ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮುಂಚೆ, ತೊಳೆದು ಸುಣ್ಣ ಬಳಿದಿಟ್ಟಿದ್ದ ಹುಳದ ಮನೆಯಲ್ಲೇ ಪರದೆ ಕಟ್ಟಿದೆವು. ಅವನನ್ನು ನೋಡಿಯೇ ನಲವತ್ತು ಜನ ರೈತರು ಬಂದರು. ಒಳಗೆ ಬರುವಾಗ ಅಭ್ಯಾಸಬಲದಿಂದ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಕೈಕಾಲು ತೊಳೆದುಕೊಂಡೇ ಬಂದರು. ಯಾವ ಸಿನಿಮಾಗೂ ಇಷ್ಟು ಶುದ್ಧವಾದ ಪ್ರೇಕ್ಷಕರು ಸಿಕ್ಕಿರಲಾರರು.

ಆವತ್ತಿನ ಕಥೆಯ ನಾಯಕ ಒಬ್ಬ ಗಡಿಯಾರ ರಿಪೇರಿಯವನು. ಎದುರು ಮನೆಯ ಟೈಲರಮ್ಮನನ್ನು ನೋಡುತ್ತಾನೆ. ಮತ್ತೆ ನೋಡುತ್ತಾನೆ. ಎರಡು ಗಂಟೆಯ ಮೇಲೆ ಐದು ನಿಮಿಷ ನೋಡಿ ಅಂಗಡಿಯ ಬಾಗಿಲು ಹಾಕುತ್ತಾನೆ. ಅಲ್ಲಿಗೆ ಮುಗಿಯಿತು.

ಮೇಡಂ ಕೇಳಿದರು, "ನಿಮಗೆಲ್ಲ ಏನನ್ನಿಸಿತು?"

ಹಿರಿಯ ರೈತರೊಬ್ಬರು ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳ್ಕೋಬೇಡಿ ಮೇಡಂ. ನಮ್ ಹುಳಾನೂ ಹಿಂಗೇ, ಜ್ವರಕ್ಕೆ ಕೂತ್ರೆ ಅಲ್ಲಾಡಲ್ಲ, ಸೊಪ್ಪು ಮುಟ್ಟಲ್ಲ, ತಲೆ ಎತ್ಕೊಂಡು ಹಂಗೇ ಇರ್ತದೆ. ನಮಗೂ ಅಭ್ಯಾಸ ಐತೆ, ಕಾಯ್ತೀವಿ. ಆದ್ರೆ ಒಂದು ದಿನ ಕಳೆದ್ಮೇಲೆ ಪೊರೆ ಬಿಟ್ಟು ಏಳ್ತದೆ. ನಿಮ್ ಹೀರೋ ಏಳಲೇ ಇಲ್ವಲ್ಲ?"

ಎಲ್ಲರೂ ನಕ್ಕರು. ಮೇಡಂ ನಗುತ್ತಲೇ, "ಕೆಲವರು ಏಳೋಕೆ ಬಹಳ ಟೈಮ್ ತಗೋತಾರೆ" ಅಂದರು. ಹೇಳುವಾಗ ಒಂದು ಕ್ಷಣ ಲ್ಯಾಪ್‌ಟಾಪಿನ ಕಡೆ ನೋಡಿದರು.

ಆ ಹಿರಿಯ ರೈತರು ಗೆಳೆಯನ ಕಡೆ ತಿರುಗಿದರು. "ನೀವೇ ಹೇಳಿ ಸಾರ್. ಗೂಡನ್ನ ಟೈಮಿಗೆ ಸರಿಯಾಗಿ ಬಿಡಿಸಿ ಮಾರ್ಕೆಟ್ಟಿಗೆ ಹಾಕ್ಬೇಕು, ಕಾಯ್ತಾ ಕೂತ್ರೆ ಚಿಟ್ಟೆ ತೂತು ಮಾಡ್ಕೊಂಡು ಹಾರೋಗ್ತದೆ ಅಂತ ನಮಗೆ ಹೇಳ್ಕೊಟ್ಟಿದ್ದು ಯಾರು?"

"ನಾನೇ" ಅಂದ ಗೆಳೆಯ, ನೆಲ ನೋಡುತ್ತ.

"ಮತ್ತೆ ಆಯಪ್ಪಂಗೆ ಯಾರೂ ಹೇಳ್ಲಿಲ್ವಾ?"

ಗೆಳೆಯ ಗಂಭೀರವಾಗಿ ತಲೆ ಕೆರೆದುಕೊಂಡು ಹೇಳಿದ, "ಅವನು ನಮ್ಮ ಇಲಾಖೆ ವ್ಯಾಪ್ತಿಗೆ ಬರಲ್ಲ."

ಟವೆಲ್ ಕೆಳಗಿನ ಮಾತು

ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಮುಗಿದಿತ್ತು. ಖಾಲಿ ಬಿದ್ದಿದ್ದ ಮಂಡಿಯೊಂದರಲ್ಲಿ ಜಾಗ ಕೊಟ್ಟರು. ಮಂಡಿಯ ಹಿರಿಯ ಯಜಮಾನರು ಹೆಂಡತಿಯ ಸಮೇತ ಮೊದಲನೇ ಸಾಲಿನಲ್ಲಿ ಕೂತರು. ಆಕೆಗೆ ಕಣ್ಣು ಸ್ವಲ್ಪ ಮಂಜು. ಹಾಗಾಗಿ ಪರದೆಯ ಮೇಲೆ ಏನು ನಡೆಯುತ್ತಿದೆ ಅಂತ ಯಜಮಾನರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳಬೇಕು. ಪರದೆಯ ಮೇಲೆ ಏನೂ ನಡೆಯುತ್ತಿರಲಿಲ್ಲ. ಯಜಮಾನರು ಎಷ್ಟು ಹೊತ್ತು ಅಂತ ಸುಮ್ಮನಿರುತ್ತಾರೆ?

"ಚೂಡು, ಇಪ್ಪುಡು ಅಡುಗುತಾಡು" ಅಂದರು. ಈಗ ಕೇಳ್ತಾನೆ ನೋಡು ಅಂತ. ನಾಯಕ ಕೇಳಲಿಲ್ಲ, ನೀರು ಕುಡಿದ. "ಧೈರ್ಯಕ್ಕೆ ನೀರು ಕುಡೀತಾವ್ನೆ" ಅಂದರು. ನಾಯಕಿ ಕಿಟಕಿ ಹಾಕಿದಳು. "ಅವಳ ಅಣ್ಣ ಬರ್ತಾವ್ನೆ, ಅದಕ್ಕೇ ಹಾಕಿದ್ಳು." ಸಿನಿಮಾದಲ್ಲಿ ಅಣ್ಣನೇ ಇರಲಿಲ್ಲ. ಹೀಗೆ ಯಜಮಾನರು ಒಂದೂವರೆ ಗಂಟೆಯಲ್ಲಿ ಅಣ್ಣನನ್ನು ಒಪ್ಪಿಸಿ, ಜಾತಕ ಕೂಡಿಸಿ, ಮದುವೆ ಮಾಡಿಸಿ, ಹುಡುಗನಿಗೆ ಎರಡೆಕರೆ ಬಾದಾಮಿ ಮಾವಿನ ತೋಟವನ್ನೂ ಕೊಡಿಸಿಬಿಟ್ಟರು. ಮಂಡಿಯಲ್ಲಿದ್ದವರೆಲ್ಲ ಪರದೆ ಬಿಟ್ಟು ಅವರ ಕಡೆಯೇ ಕಿವಿ ಕೊಟ್ಟಿದ್ದರು. ನಮ್ಮ ಇತಿಹಾಸದಲ್ಲಿ ಯಾರೂ "ಮಿಕ್ಕಿದ್ದು ಹಾಕಿ" ಅನ್ನದ ಏಕೈಕ ಪ್ರದರ್ಶನ ಅದು.

ಮೇಡಂಗೆ ಸಿಟ್ಟು ಬಂದಿತ್ತು. "ಯಜಮಾನ್ರೇ, ಇದು ಮಾತಿಲ್ಲದ ಪ್ರೀತಿ. ಬಾಯಿ ಬಿಟ್ಟು ಹೇಳಿದ್ರೆ ಸೊಗಸು ಹೋಗುತ್ತೆ" ಅಂದರು.

ಯಜಮಾನರು ಹೆಗಲ ಟವೆಲ್ ತೆಗೆದರು. ಹಳೇ ಮಂಡಿಯವರ ವ್ಯಾಪಾರ ನಿಮಗೆ ಗೊತ್ತಿರಬಹುದು. ಕೊಳ್ಳುವವನು, ಮಾರುವವನು ಎದುರೆದುರು ಕೂತು ಟವೆಲ್ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ರೇಟು ಹೇಳುತ್ತಾರೆ. ಪಕ್ಕದವನಿಗೂ ತಿಳಿಯುವುದಿಲ್ಲ.

"ನೋಡಮ್ಮ, ಮಾತಿಲ್ದೆ ವ್ಯಾಪಾರ ಮಾಡೋದು ನಮಗೇನೂ ಹೊಸದಲ್ಲ. ನಮ್ಮಪ್ಪ ಮಾಡ್ದ, ನಾನೂ ಮಾಡ್ತೀನಿ. ಆದ್ರೆ ಟವೆಲ್ ಕೆಳಗೆ ಬೆರಳನ್ನಾದ್ರೂ ಹಿಡೀಬೇಕಲ್ಲಮ್ಮ! ಇವ್ರಿಬ್ರೂ ಕೈ ಕಟ್ಕೊಂಡು ಕೂತವ್ರೆ!"

ಬೆಣ್ಣೆ ದೋಸೆ

ಈ ಪ್ರಸಂಗದಲ್ಲಿ ಸಿನಿಮಾ ಇಲ್ಲ.

ಮೇಡಂ ದಾವಣಗೆರೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಅಲ್ಲಿ ಅಣ್ಣನ ಮನೆ ಇದೆ. ಆರ್ಡರ್ ಬಂತು. ಹೋಗುವುದಿದ್ದರೆ ಸೋಮವಾರ ಒಪ್ಪಿಗೆ ಬರೆದುಕೊಡಬೇಕು, ಇಲ್ಲದಿದ್ದರೆ ಬೇಡವೆಂದು ಬರೆದುಕೊಡಬೇಕು. ಆ ವಾರ ಗೆಳೆಯ ಮುಖ ಒಣಗಿಸಿಕೊಂಡು ನನ್ನ ಸ್ಟುಡಿಯೋಗೆ ಬಂದ. ನಾನು ಕೆಲಸ ಬಿಟ್ಟು ಕೂತೆ.

"ಅವರೇ ಬಂದು ಹೇಳಿದ್ರು ಕಣೋ. 'ಹೋಗ್ಲೋ ಬೇಡ್ವೋ ಗೊತ್ತಾಗ್ತಿಲ್ಲ. ನಿಮ್ಮ ಅಭಿಪ್ರಾಯ ಏನು ಸಾರ್?' ಅಂತ ಕೇಳಿದ್ರು."

ನಾನು ಕುರ್ಚಿಯ ತುದಿಗೆ ಸರಿದೆ. ಆರು ವರ್ಷದಲ್ಲಿ ಇಂಥ ಅವಕಾಶ ಬಂದಿರಲಿಲ್ಲ. "ನೀನೇನಂದೆ?"

"ದಾವಣಗೆರೆ ಒಳ್ಳೆ ಊರು, ಬೆಣ್ಣೆ ದೋಸೆ ಚೆನ್ನಾಗಿರುತ್ತೆ ಅಂದೆ."

ನಾನು ಎದ್ದು ಒಂದು ಸುತ್ತು ಹೊರಗೆ ಹೋಗಿ ಬಂದೆ. ಒಳಗೇ ಇದ್ದಿದ್ದರೆ ಕೈ ಮಾಡುತ್ತಿದ್ದೆ.

"ಅಯ್ಯೋ ಮುಟ್ಠಾಳ, ಹೋಗ್ಬೇಡಿ ಅಂತ ಹೇಳೋಕೆ ನಿಂಗೇನು ದಾಡಿ?"

"ಇಲ್ಲ ಅಂದ್ಬಿಟ್ರೆ? ಈಗ ಇರೋದೂ ಹೋಗುತ್ತಲ್ಲೋ. ತಿಂಗಳಿಗೊಂದು ಶನಿವಾರ ಆದ್ರೂ ಪಕ್ಕದಲ್ಲಿ ಕೂತಿರ್ತಾರೆ." ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. "ಆದ್ರೂ ಸೂಚನೆ ಕೊಟ್ಟಿದೀನಿ ಕಣೋ. ಬೆಣ್ಣೆ ದೋಸೆ ಅನ್ನೋವಾಗ ನನ್ನ ದನೀಲಿ ಎಷ್ಟು ದುಃಖ ಇತ್ತು ಅಂತ ನೀನು ಕೇಳಿಸ್ಕೋಬೇಕಿತ್ತು."

ಹಾಲಿನ ಡೈರಿಯಲ್ಲಿ ಬೀಗ

ಆ ಸೋಮವಾರಕ್ಕೆ ಮುಂಚಿನ ಶನಿವಾರವೇ ನಮ್ಮ ಎರಡನೇ ಶನಿವಾರ. ಮುಳಬಾಗಿಲು ತಾಲ್ಲೂಕಿನಲ್ಲಿ, ಆವನಿ ಬೆಟ್ಟಕ್ಕೆ ಹೋಗುವ ದಾರಿಯ ಒಂದು ಹಳ್ಳಿ. ಹೆಂಗಸರೇ ನಡೆಸುವ ಹಾಲಿನ ಡೈರಿ. ಬೆಳಗಿನ ಹಾಲು ಹೋದ ಮೇಲೆ ಸಂಜೆಯ ಹಾಲು ಬರುವವರೆಗೆ ಕಟ್ಟಡ ಖಾಲಿ. ಕಿಟಕಿಗಳಿಗೆ ಟಾರ್ಪಾಲು ಕಟ್ಟಿ ಕತ್ತಲು ಮಾಡಿದರು. ಐವತ್ತು ಹೆಂಗಸರು ಚಾಪೆಯ ಮೇಲೆ ಕೂತರು. ದೊಡ್ಡ ಕೋಣೆಯಲ್ಲಿ ಪ್ಲಗ್ ಕೆಲಸ ಮಾಡುತ್ತಿರಲಿಲ್ಲ. ಒಳಗೆ ಹಾಲು ಟೆಸ್ಟ್ ಮಾಡುವ ಸಣ್ಣ ಕೋಣೆಯಿಂದ ವೈರು ಎಳೆದೆವು. ಯಾರಾದರೂ ಎಡವಿಯಾರೆಂದು ಗೆಳೆಯ ಆ ಕೋಣೆಯ ಬಾಗಿಲಲ್ಲೇ, ಚೌಕಟ್ಟು ಹಿಡಿದು ನಿಂತ. ಲೈಟು ಆರಿಸಿದ ಮೇಲೆ ಅವನೊಬ್ಬ ಅಲ್ಲಿದ್ದಾನೆಂದು ಯಾರಿಗೂ ನೆನಪಿರಲಿಲ್ಲ.

ದಾರಿಯುದ್ದಕ್ಕೂ ವ್ಯಾನಿನಲ್ಲಿ ಇಬ್ಬರೂ ತುಟಿ ಪಿಟಕ್ಕೆಂದಿರಲಿಲ್ಲ. ಇದೇ ಕೊನೆಯ ಶನಿವಾರ ಇರಬಹುದು ಅಂತ ನನಗೆ ಬೇಸರವೋ ಬೇಸರ.

ಸಿನಿಮಾ ಶುರುವಾಯಿತು. ಊರಿಗೆ ಬಂದ ಸರ್ವೇಯರ್ ಒಬ್ಬ, ಅವನಿಗೆ ಊಟ ಹಾಕುವ ಒಂಟಿ ಹೆಂಗಸು. ನಾಲ್ಕು ದಿನದ ಕಥೆ. ಅರ್ಧ ಗಂಟೆ ಕಳೆಯಿತು. ದಿನಾ ಲ್ಯಾಕ್ಟೋಮೀಟರ್ ಅದ್ದಿ ಹಾಲಿಗೆ ನೀರು ಬೆರೆಸಿದ್ದಾರೆಯೇ ಅಂತ ನೋಡುವ ಡೈರಿ ಕಾರ್ಯದರ್ಶಿ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು, "ಕಥೆ ಒಂದು ಲೀಟರ್ ಐತೆ ಅಣ್ಣ, ನೀರು ಹತ್ತು ಲೀಟರ್ ಬಿದ್ದೈತೆ. ನಮ್ಮಲ್ಲಾಗಿದ್ರೆ ವಾಪಸ್ ಕಳಿಸ್ತಿದ್ವಿ."

ಆದರೂ ಯಾರೂ ಎದ್ದು ಹೋಗಲಿಲ್ಲ. ಕೊನೆಯ ದೃಶ್ಯ ಬಂತು. ಸರ್ವೇಯರ್ ಪೆಟ್ಟಿಗೆ ಹಿಡಿದು ಆಕೆಯ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆಕೆ ಒಲೆಯ ಮುಂದೆ ಕೂತು ಅವನನ್ನೇ ನೋಡುತ್ತಾಳೆ. ಅವನು ಹೊಸ್ತಿಲು ದಾಟುವುದಿಲ್ಲ, ಹಿಂದಿರುಗುವುದೂ ಇಲ್ಲ. ಪರದೆ ಕಪ್ಪಾಯಿತು.

"ಕರೆಂಟ್ ಹೋಯ್ತಾ?" ಅಂದರು ಯಾರೋ. ನಾನು ಲೈಟ್ ಹಾಕಿದೆ. "ಮುಗೀತು."

"ಏನ್ ಮುಗೀತು? ಮಿಕ್ಕಿದ್ದು ಹಾಕಿ ಸಾರ್."

"ಇಷ್ಟೇ ಅಮ್ಮ ಇರೋದು."

ಡೈರಿಯ ಅಧ್ಯಕ್ಷೆ ಎದ್ದರು. ಎತ್ತರದ, ಗಟ್ಟಿ ದನಿಯ ಹೆಂಗಸು. ಬೆಳಗಿನ ಹಾಲು, ಸಂಜೆಯ ಹಾಲು ಎರಡನ್ನೂ ತೂಗಿ ನೋಡಿದ ಕೈ ಅದು, ಅರ್ಧಕ್ಕೆ ಬಿಡುವ ಜಾಯಮಾನದ್ದಲ್ಲ. "ಬೇರೆ ಊರಲ್ಲಿ ಪೂರ್ತಿ ತೋರ್ಸಿ ನಮಗೆ ಅರ್ಧ ತೋರ್ಸ್ತೀರಾ? ನಾವು ಹೆಂಗಸ್ರು ಅಂತಾನಾ?" ಅನ್ನುತ್ತ ಹೋಗಿ ಮುಂದಿನ ಬಾಗಿಲಿಗೆ ಒಳಗಿನಿಂದ ಡೈರಿಯ ಬೀಗ ಜಡಿದು, ಕೀಯನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. "ಮಿಕ್ಕಿದ್ದು ಹಾಕೋಗಂಟ ಯಾರೂ ಹೊರಗೆ ಹೋಗಂಗಿಲ್ಲ."

ಹೊರಗೆ ಆಗಲೇ ಹಸುಗಳು ಅರಚತೊಡಗಿದ್ದವು. ಹಾಲು ಕರೆಯುವ ಹೊತ್ತು ಮೀರುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು. ಮೇಡಂ ಮುಂದೆ ಬಂದು ಎಂದಿನಂತೆ ಶುರು ಮಾಡಿದರು. "ಇದನ್ನ ತೆರೆದ ಅಂತ್ಯ ಅಂತಾರೆ. ಅವನು ಒಳಗೆ ಬಂದನೋ, ಹೊರಟುಹೋದನೋ ಅನ್ನೋದನ್ನ ನಾವೇ ಊಹಿಸ್ಕೋಬೇಕು."

"ಊಹಿಸ್ಕೊಳ್ಳೋದಾಗಿದ್ರೆ ಮನೇಲೇ ಊಹಿಸ್ಕೋತಿದ್ವಿ. ನೀವ್ಯಾಕೆ ಅಷ್ಟು ದೂರದಿಂದ ಪರದೆ ಹೊತ್ಕೊಂಡ್ ಬಂದ್ರಿ?" ಅಂದರು ಅಧ್ಯಕ್ಷೆ. "ಹೋಗ್ಲಿ, ನೀವು ಓದಿರೋರು. ಆಯಮ್ಮನ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ, ಅದನ್ನ ಹೇಳಿ."

"ನಾನಾಗಿದ್ರೆ..." ಅಂದವರು ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಆರು ವರ್ಷ ತೆರೆದ ಅಂತ್ಯದ ಪರವಾಗಿ ವಾದ ಮಾಡಿದ್ದ ಹೆಂಗಸು ಒಮ್ಮೆಲೇ ಸಿಡಿದರು.

"ನಾನಾಗಿದ್ರೆ ಕೇಳ್ತಿದ್ದೆ. ಒಳಗೆ ಬರ್ತೀರೋ, ಹೋಗ್ತೀರೋ? ಎರಡರಲ್ಲಿ ಒಂದು ಮಾಡಿ. ಬಾಗಿಲಲ್ಲಿ ನಿಂತ್ಕೊಂಡ್ರೆ ಮನೆಯೆಲ್ಲ ಸೊಳ್ಳೆ ತುಂಬ್ಕೊಳ್ಳುತ್ತೆ. ಆರು ವರ್ಷದಿಂದ ಸೊಳ್ಳೆ ಹೊಡ್ಕೊಂಡು ಕೂತಿದೀನಿ ನಾನು!"

ಕಾರ್ಯದರ್ಶಿ ಲೆಕ್ಕ ಹಾಕಿ ಮೆಲ್ಲಗೆ ಕೇಳಿದಳು, "ಯಾವ ಆರು ವರ್ಷ? ಸರ್ವೇಯರ್ ಬಂದು ನಾಕೇ ದಿನ ಅಲ್ವಾ ಆಗಿದ್ದು?"

ಮೇಡಂ ದೃಷ್ಟಿ ಟೆಸ್ಟಿಂಗ್ ಕೋಣೆಯ ಬಾಗಿಲಿನ ಕಡೆ ಇತ್ತು. ಐವತ್ತು ತಲೆಗಳೂ ಆ ಕಡೆ ತಿರುಗಿದವು. ಅಲ್ಲಿ ನನ್ನ ಗೆಳೆಯ, ಚೌಕಟ್ಟಿನ ಮೇಲೊಂದು ಕೈ ಇಟ್ಟುಕೊಂಡು, ಕಲ್ಲಾಗಿ ನಿಂತಿದ್ದ.

ಒಂದು ನಿಮಿಷ ಹೋಯಿತು. ಈ ಸಲ ಹ್ಯಾಂಗ್ ಆದದ್ದು ಲ್ಯಾಪ್‌ಟಾಪ್ ಅಲ್ಲ. ನನಗೆ ಅವನನ್ನು ಹಿಂದಿನಿಂದ ತಳ್ಳಿಬಿಡೋಣ ಅನ್ನಿಸಿತು.

ಆಮೇಲೆ ಅವನು ಹೊಸ್ತಿಲು ದಾಟಿದ. ದಾಟುವಾಗ, ಬೇರೆಯವರು ಎಡವಬಾರದೆಂದು ಎರಡು ಗಂಟೆ ಕಾದಿದ್ದ ಅದೇ ವೈರಿಗೆ ತಾನೇ ಎಡವಿ, ಮೊಣಕಾಲೂರಿ ಮೇಡಂ ಎದುರಿಗೆ ಬಿದ್ದ. ಹಿಂದೆಯೇ ಪ್ರೊಜೆಕ್ಟರೂ ಬಿತ್ತು. ನಾನು ಅದರ ಕಡೆ ನೋಡಲೂ ಇಲ್ಲ.

"ಅಯ್ಯೋ, ಪೆಟ್ಟಾಯ್ತಾ ಸಾರ್?" ಅಂದರು ಮೇಡಂ.

"ಆಗಿಲ್ಲ. ನೀವು ದಾವಣಗೆರೆಗೆ ಹೋಗ್ಬೇಡಿ. ನೀವಿಲ್ದೆ ನಂಗೆ ಇರಕ್ಕಾಗಲ್ಲ."

ಅಷ್ಟೇ. ಆರು ವರ್ಷಕ್ಕೆ ಎರಡು ವಾಕ್ಯ. ಮೇಡಂ ಕಣ್ಣಲ್ಲಿ ನೀರು ಬಂತು. "ಸರಿ" ಅಂದರು. ಅವನನ್ನು ಎಬ್ಬಿಸಲು ಕೈ ಕೊಟ್ಟರು, ಅವನು ಎದ್ದ ಮೇಲೂ ಬಿಡಲಿಲ್ಲ. ಚಾಪೆಯ ಮೇಲಿದ್ದ ಹೆಂಗಸರಲ್ಲಿ ಅರ್ಧ ಜನ ಅಳುತ್ತಿದ್ದರು, ಇನ್ನರ್ಧ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಎರಡನ್ನೂ ಮಾಡುತ್ತಿದ್ದೆ.

ಅಧ್ಯಕ್ಷೆ ಮಾತ್ರ ಎಲೆಅಡಿಕೆ ಚೀಲದಿಂದ ಕೀ ತೆಗೆದು ಬೀಗ ಬಿಚ್ಚಿದರು. ಬಾಗಿಲು ತೆಗೆದು, ಹೊರಗೆ ಹೋಗುತ್ತ ನನ್ನನ್ನು ಕೆಕ್ಕರಿಸಿಕೊಂಡು ನೋಡಿದರು.

"ಇದನ್ನ ಮೊದಲೇ ತೋರ್ಸೋಕೆ ಏನಾಗಿತ್ತು ನಿಮಗೆ? ಅಲ್ಲಿ ಹಸು ಅರಚ್ಕೋತಾವೆ!"